ಮುಚ್ಚಳ ಒತ್ತುವ ಕಾಕಾ

ನಮ್ಮ ಕಾಕಾ ಹುಟ್ಟಿದ ಲಾಗಾಯ್ತು ಒಂದು ಹನಿ ಮದ್ಯವನ್ನೂ ನಾಲಿಗೆಗೆ ತಾಗಿಸದೆ ಇಡೀ ಬೈಲಹೊಂಗಲದಲ್ಲಿ ದೊಡ್ಡ ಕುಡುಕರೆಂಬ ಹೆಸರು ಸಂಪಾದಿಸಿದ ಮಹಾನುಭಾವರು! ಕುಡಿದು ಹೆಸರು ಕೆಡಿಸಿಕೊಂಡವರು ಓಣಿಗೆ ನಾಲ್ಕು ಮಂದಿ ಸಿಕ್ಕಾರು. ಕುಡಿಯದೆಯೇ ಕೆಡಿಸಿಕೊಂಡವರು ನಮ್ಮ ಮನೆತನದಲ್ಲಿ ಇವರೊಬ್ಬರೇ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಹೆಗಲ ಮೇಲೆ ಖಾಲಿ ಬಿಯರ್ ಬಾಟಲಿಗಳ ಗೋಣಿಚೀಲ. ಈ ವೇಷದಲ್ಲಿ ಹಾಡಹಗಲೇ ಪೇಟೆಯ ನಡುವೆ ಖಣಖಣ ಸದ್ದು ಮಾಡುತ್ತ ಬಂದರೆ ಜನ ಆರತಿ ಎತ್ತುತ್ತಾರೆಯೇ?

ನಗುವ ಮುಂಚೆ ಕಾರಣ ಕೇಳಿಬಿಡಿ, ಆಮೇಲೆ ನಗುವುದು ಬಿಡುವುದು ನಿಮಗೆ ಬಿಟ್ಟದ್ದು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಗಂಟಲ ಕ್ಯಾನ್ಸರಿಗೆ ಬೆಳಗಾವಿಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಹಿಡಿಸಿಕೊಂಡು ಮನೆಗೆ ಬಂದಿದ್ದಳು. ಆ ಚಿಕಿತ್ಸೆ ಆಕೆಯ ನಾಲಿಗೆಯ ರುಚಿಯನ್ನೆಲ್ಲ ಒರೆಸಿಕೊಂಡು ಹೋಗಿತ್ತು. ಹಾಲು ಕೊಟ್ಟರೆ ಸುಣ್ಣದ ನೀರು ಅನ್ನುವಳು, ಗಂಜಿ ಕೊಟ್ಟರೆ ಮಣ್ಣು ಅನ್ನುವಳು, ಕೊನೆಗೆ ಏನೂ ಅನ್ನದೆ ಗೋಡೆಯ ಕಡೆ ಹೊರಳುವಳು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಬಾಯಿಯಿಂದ ಏನಾದರೂ ಒಳಗೆ ಹೋಗುತ್ತಿರಬೇಕು, ಇಲ್ಲವಾದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ. ಚಿಗವ್ವನಿಗೆ ಸಾವಿಗಿಂತ ಆ ನಳಿಗೆಯ ಭಯವೇ ಹೆಚ್ಚು. ಆಸ್ಪತ್ರೆಯಲ್ಲಿ ಪಕ್ಕದ ಮಂಚದಾಕೆಗೆ ಹಾಕಿದ್ದನ್ನು ಕಂಡಿದ್ದಳು.

"ನನಗ ಅದನ್ನೊಂದ ಹಾಕಸಬ್ಯಾಡ್ರಿ," ಎಂದು ಕಾಕಾನ ಕೈ ಹಿಡಿದು ಹೇಳಿದ್ದಳಂತೆ. ಕಾಕಾ ಮಾತು ಕೊಟ್ಟರು. ಕೊಡುವಾಗ ಅವರ ಹತ್ತಿರ ಇದ್ದದ್ದಾದರೂ ಏನು? ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದಾಗ ತಂದ ಪಾನಾ, ಪಕ್ಕಡಗಳ ಒಂದು ಡಬ್ಬಿ. ಅಷ್ಟೇ.

ಆಮೇಲೆ ಅವರು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದರು. ಶುಂಠಿ ಜಜ್ಜಿ, ಬೆಲ್ಲದ ನೀರಿಗೆ ಹಾಕಿ, ಲಿಂಬೆ ಹಿಂಡಿ, ಭರಣಿಯಲ್ಲಿ ಎರಡು ದಿನ ಇಟ್ಟರೆ ತಾನೇ ಗುಳ್ಳೆ ಏಳುತ್ತದೆ. ಬಾಟಲಿಗೆ ತುಂಬಿ ಇನ್ನೆರಡು ದಿನ ಇಟ್ಟರೆ ಗ್ಯಾಸು ಕಟ್ಟುತ್ತದೆ. ನಶೆ ಏರುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ವಿಡಿಯೋದವನು ಅದಕ್ಕೆ ಶುಂಠಿ ಬಿಯರ್ ಎಂದಿದ್ದ, ಆದ್ದರಿಂದ ಕಾಕಾನೂ ಬಿಯರ್ ಎಂದೇ ಹೇಳುತ್ತ ತಿರುಗಿದರು. ಸೋಡಾ ಎನ್ನಿರಿ, ಪಾನಕ ಎನ್ನಿರಿ ಎಂದು ನಾನು ಕೈಮುಗಿದು ಬೇಡಿಕೊಂಡೆ. "ಇದ್ದದ್ದನ್ನ ಇದ್ದಂಗ ಹೇಳಬೇಕು ತಂಗಿ, ಸುಳ್ಳ ಹೇಳಿ ಕುಡಿಸಿದ್ರ ಮೈಗೆ ಹತ್ತೂದಿಲ್ಲ" ಎಂದರು. ಸತ್ಯವಂತರ ಮನೆತನದಲ್ಲಿ ಬದುಕುವುದು ಎಷ್ಟು ಕಷ್ಟ ಎಂಬುದು ಬದುಕಿದವರಿಗೇ ಗೊತ್ತು!

ಮೊದಲ ಸಲದ್ದನ್ನು ಚಿಗವ್ವನ ಬಾಯಿಗೆ ಚಮಚೆಯಿಂದ ಹಾಕಿದಾಗ ನಾನು ಅಲ್ಲಿಯೇ ಇದ್ದೆ. ಆಕೆ ಮುಖ ಕಿವಿಚಿದಳು. ಆಮೇಲೆ ಕಣ್ಣು ಅರಳಿಸಿದಳು.

"ಚುಚ್ಚತೈತಿ," ಅಂದಳು.

"ಹಂಗಾರ ಬ್ಯಾಡ ಬಿಡು," ಎಂದು ಕಾಕಾ ಗಾಬರಿಯಾಗಿ ಚಮಚೆ ಹಿಂದೆಗೆದರು.

"ಚುಚ್ಚಲಿ, ತರ್ರಿ ಇಲ್ಲೆ. ಏನರ ಒಂದ ಗೊತ್ತಾತಲ್ಲ!"

ಅಂದು ಅರ್ಧ ಲೋಟ ಕುಡಿದಳು. ಡಾಕ್ಟರನ್ನು ಕೇಳಿದರೆ ಏನು ಇಳಿಯುತ್ತದೋ ಅದನ್ನು ಕೊಡಿ ಎಂದರು. ತೊಂದರೆ ಇದ್ದದ್ದು ಗ್ಯಾಸಿನದು. ಪ್ಲಾಸ್ಟಿಕ್ ಬಾಟಲಿಯಲ್ಲಿಟ್ಟರೆ ಚಿಗವ್ವನಿಗೆ ಆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಗಾಜಿನ ಬಾಟಲಿಗೆ ಬಿರಡೆ ಹಾಕಿಟ್ಟರೆ ಬಿರಡೆ ಹಾರಿ ಗ್ಯಾಸು ಹೋಗಿ ಮಾರನೆಯ ದಿನ ಬರೀ ಬೆಲ್ಲದ ನೀರು. ಬೆಲ್ಲದ ನೀರು ಆಕೆಗೆ ಮಣ್ಣಿನ ಸಮ. ಆ ಚುಚ್ಚನ್ನು ಬಾಟಲಿಯೊಳಗೆ ಹಿಡಿದಿಡಬೇಕಾದರೆ ಅಂಗಡಿಯ ಬಾಟಲಿಗಿರುವಂಥ, ಅಂಚಿಗೆ ನಿರಿಗೆ ಇರುವ ತಗಡಿನ ಮುಚ್ಚಳವೇ ಬೇಕು. ಮುಚ್ಚಳ ಕೂರಬೇಕಾದರೆ ಅದನ್ನು ಒತ್ತುವ ಕೈಯಂತ್ರ ಬೇಕು. ಇಲ್ಲಿಂದ ನಮ್ಮ ಮಾನ ಹರಾಜಿಗೆ ಬಂತು.

ಬಾಟಲಿಗಾಗಿ ಕಾಕಾ ಕಿತ್ತೂರಿನ ಹೆದ್ದಾರಿಯ ಧಾಬಾಗಳಿಗೆ ಬಸ್ಸಿನಲ್ಲಿ ಹೋಗತೊಡಗಿದರು. ಸುಮ್ಮನೆ ಆರಿಸಿಕೊಂಡು ಬರುವವರಲ್ಲ. ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದೊಂದು ಬಾಟಲಿಯನ್ನೂ ಮೂಸುವುದು, ಬೀಡಿತುಂಡು ಬಿದ್ದದ್ದನ್ನು ಬದಿಗಿಡುವುದು, ಆಮೇಲೆ ಕಿಸೆಯಿಂದ ವರ್ನಿಯರ್ ತೆಗೆದು ಬಾಯಿಯ ಅಳತೆ ನೋಡುವುದು. ಧಾಬಾದವನು ಕನಿಕರಪಟ್ಟ.

"ಅಜ್ಜಾರ, ಖಾಲಿದ್ದು ಯಾಕ ಮೂಸ್ತೀರಿ? ಪಾಪ, ಒಂದ ತುಂಬಿದ್ದ ಕೊಡ್ತೇನಿ, ಒಯ್ಯರಿ."

"ಒಳಗಿಂದು ನಿನಗ ಇರಲಿ ತಮ್ಮಾ. ನನಗ ಬೇಕಾಗಿದ್ದು ಕುತಗಿ."

ಗಂಟಲ ರೋಗಿಯ ಗಂಡ ಕುತ್ತಿಗೆ ಹುಡುಕಿಕೊಂಡು ಹೆದ್ದಾರಿಗೆ ಬಂದದ್ದು ಆ ಧಾಬಾದವನಿಗೆ ಹೇಗೆ ತಿಳಿಯಬೇಕು? ತಿಳಿದಿದ್ದ ನನಗೆ ಅವರು ಮನೆಗೆ ಬಂದು ಇದನ್ನು ಹೇಳಿದಾಗ ನಗು ಬರಲಿಲ್ಲ.

ಕಾಕಾ ಮೊದಲು ಕೊಂಡದ್ದು ಬಡಿಯುವ ಯಂತ್ರ. ಯಂತ್ರ ಎಂದರೆ ದೊಡ್ಡ ಮಾತಾಯಿತು. ಬೋರಲು ಹಾಕಿದ ಕಬ್ಬಿಣದ ಬಟ್ಟಲು. ಮುಚ್ಚಳದ ಮೇಲೆ ಇಟ್ಟು ಕಟ್ಟಿಗೆಯ ಸುತ್ತಿಗೆಯಿಂದ ಒಂದೇಟು ಹಾಕಿದರೆ ಆಯಿತು. ಏಟು ಹಗುರಾದರೆ ಮುಚ್ಚಳ ಸಡಿಲು, ಜೋರಾದರೆ ಬಾಟಲಿಯ ಬಾಯಿಯೇ ಚೂರು. ಮೊದಲ ದಿನ ಆರು ಬಾಟಲಿ ತುಂಬಿ, ನಾಲ್ಕು ಒಡೆದು, ಒಂದನ್ನು ಸೋರಿಸಿ, ಒಂದನ್ನು ಗೆದ್ದರು! ಪ್ರತಿ ಏಟಿಗೂ ಒಳಗೆ ಚಿಗವ್ವ ಬೆಚ್ಚಿ ಬೀಳುತ್ತಿದ್ದಳು. ಅದು ಮೂಲೆ ಸೇರಿತು.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ್ದು, ಎರಡು ರೆಕ್ಕೆಯ ಯಂತ್ರ. ಅದು ಬಾಟಲಿಯ ಬಾಯಿಯ ಕೆಳಗಿನ ಉಂಗುರವನ್ನು ಹಿಡಿದುಕೊಂಡು, ರೆಕ್ಕೆ ಎರಡನ್ನೂ ಕೆಳಗೆ ಒತ್ತಿದಾಗ ಮುಚ್ಚಳದ ನಿರಿಗೆ ಮಡಚುತ್ತದೆ. ಕೆಲಸವೇನೋ ನಾಜೂಕು. ಆದರೆ ಅದು ಯಾವ ದೇಶದ ಬಾಟಲಿಯನ್ನು ನೆನೆಸಿಕೊಂಡು ಹುಟ್ಟಿತ್ತೋ! ಕಿತ್ತೂರು ಹೆದ್ದಾರಿಯ ಬಾಟಲಿಗಳ ಉಂಗುರ ಒಂದು ದಪ್ಪ, ಒಂದು ತೆಳು. ಏಳನೆಯ ಬಾಟಲಿಗೆ ಹಿಡಿತ ಜಾರಿ ಕುತ್ತಿಗೆ ಮುರಿದು ಕಾಕಾನ ಅಂಗೈಗೆ ಹೊಕ್ಕಿತು. ಹೊಲಿಗೆ ಹಾಕುತ್ತಿದ್ದ ಸರಕಾರಿ ದವಾಖಾನೆಯ ಕಂಪೌಂಡರ್ ಕೇಳಿದ, "ಹೆಂಗ ಆತ್ರಿ?"

"ಬಿಯರ್ ಬಾಟಲಿ ಒಡೀತ್ರಿ."

"ಎಷ್ಟ ಕುಡಿದಿದ್ರಿ?"

"ಒಂದೂ ಕುಡಿದಿಲ್ರಿ. ಎಲ್ಲಾ ನಮ್ಮ ಮನಿಯಾಕಿನ ಕುಡಿತಾಳ."

ಜೊತೆಗೆ ಹೋಗಿದ್ದ ನಾನು ಶಾಲೆಯ ಮಾಸ್ತರಿಣಿ. ಆ ಕಂಪೌಂಡರನ ಮಗಳು ನನ್ನ ತರಗತಿಯಲ್ಲಿಯೇ ಓದುತ್ತಾಳೆ. ಇನ್ನೇನು ಹೇಳಲಿ?

ಮೂರನೆಯದನ್ನು ಕಾಕಾ ತಾವೇ ನಿಂತು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರು. ಹಲಗೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಕಂಬ, ಮೇಲೆ ಒತ್ತುವ ಬಟ್ಟಲು, ಪಕ್ಕಕ್ಕೆ ಮೊಳದುದ್ದ ಹಿಡಿಕೆ. ಇದು ಬಾಟಲಿಯ ಕುತ್ತಿಗೆಗೆ ಕೈ ಹಾಕುವುದೇ ಇಲ್ಲ. ನೇರ ಮೇಲಿನಿಂದ ಒತ್ತುತ್ತದೆ. ಉದ್ದ ಬಾಟಲಿಗೆ ಬಟ್ಟಲನ್ನು ಏರಿಸಬಹುದು, ಗಿಡ್ಡಕ್ಕೆ ಇಳಿಸಬಹುದು. ಯಾರಾದರೂ ಈ ಯಂತ್ರ ಕೊಳ್ಳುವವರಿದ್ದರೆ ನನ್ನ ಕಿವಿಮಾತು ಕೇಳಿ: ಬಡಿಯುವುದೂ ಬೇಡ, ರೆಕ್ಕೆಯದೂ ಬೇಡ, ನಿಲ್ಲಿಸುವಂಥದ್ದೇ ತೊಗೊಳ್ಳಿ. ಮತ್ತು ಅದನ್ನು ಬಸ್ ಮೆಕ್ಯಾನಿಕ್ ಕೈಗೆ ಮಾತ್ರ ಕೊಡಬೇಡಿ!

ಏಕೆಂದರೆ ಡಿಪೋದ ವಿದ್ಯೆ ಬೇರೆ. ಅಲ್ಲಿ ನಟ್ಟು ಬಿಗಿಯಾದ ಮೇಲೆ ಇನ್ನೊಂದು ಕಾಲು ಸುತ್ತು ತಿರುಗಿಸಿದವನೇ ಮೆಕ್ಯಾನಿಕ್. "ಸಡ್ಲ ಆದ ನಟ್ಟ ಮಂದೀನ ಕೊಂದೈತಿ. ಬಿಗಿ ಆಗಿದ್ದು ಯಾರನ್ನ ಕೊಂದೈತಿ?" ಎಂಬುದು ಕಾಕಾನ ಸಿದ್ಧಾಂತ. ಮುಚ್ಚಳ ಕುಳಿತ ಮೇಲೂ ಹಿಡಿಕೆಯ ಮೇಲೆ ಮೈಭಾರ ಬಿಟ್ಟು ಇನ್ನೊಂದಿಷ್ಟು ಒತ್ತುವರು. ಹೀಗೆ ಒತ್ತಿದ ಬಾಟಲಿಗಳಿಂದ ಗ್ಯಾಸು ಇಷ್ಟೂ ಹೊರಗೆ ಹೋಗಲಿಲ್ಲ, ಖರೆ. ಆದರೆ ಸಣ್ಣಗೆ ಬಿರುಕು ಬಿಟ್ಟ ಗಾಜು, ಬೇಸಿಗೆಯ ಧಗೆ, ಒಂದು ಹಿಡಿ ಹೆಚ್ಚಿಗೆ ಹಾಕಿದ ಬೆಲ್ಲ. ಮುಂದಿನದನ್ನು ಮುರಗೋಡದ ಅತ್ತೆಯ ಬಾಯಿಂದಲೇ ಕೇಳಬೇಕು.

ಮುರಗೋಡದ ಅತ್ತೆ ಎಂದರೆ ಕಾಕಾನ ಅಕ್ಕ. ನಮ್ಮ ಕಡೆ ಜಡ್ಡು ಬಿದ್ದವರನ್ನು ಮಾತಾಡಿಸಿ ಹೋಗುವ ಪದ್ಧತಿ ಇದೆಯಲ್ಲ! ನುಂಗಲಾಗದವರಿಗೆ ಬಾಳೆಹಣ್ಣು, ಬ್ರೆಡ್ಡು ತಂದು, ಇನ್ನೆಷ್ಟು ದಿನ ಎಂದು ಕಣ್ಣಿನಿಂದಲೇ ಅಳೆದು ಹೋಗುತ್ತಾರೆ. ಅತ್ತೆಗೆ ಅಳತೆ ತಪ್ಪಿತು. ಮಂಚದ ಬಳಿ ಕುಳಿತವಳೇ ಸೆರಗು ಬಾಯಿಗೆ ಹಚ್ಚಿ ರಾಗ ತೆಗೆದುಬಿಟ್ಟಳು. "ಎಂಥಾಕಿ ಇದ್ಯೆವ್ವಾ ನಮ್ಮವ್ವಾ... ಎಷ್ಟ ಚೆಂದ ರೊಟ್ಟಿ ಬಡೀತಿದ್ದೆವ್ವಾ..."

ಚಿಗವ್ವ ದಿಂಬಿನ ಮೇಲಿಂದ ಕಣ್ಣು ಮಿಟುಕಿಸುತ್ತ ತನ್ನ ಸಾವಿನ ಹಾಡನ್ನು ತಾನೇ ಕೇಳುತ್ತಿದ್ದಳು. ಯಾರಿಗೂ ಏನು ಮಾಡಬೇಕೋ ತಿಳಿಯದು. ಅಷ್ಟರಲ್ಲಿ ಮಂಚದ ಕೆಳಗೆ, ತಂಪಿಗೆಂದು ಗೋಣಿತಟ್ಟು ಹೊದಿಸಿಟ್ಟಿದ್ದ ಬಾಟಲಿಗಳಲ್ಲಿ ಒಂದು ಢಮ್ಮೆಂದಿತು! ಹಿಂದೆಯೇ ಇನ್ನೊಂದು! ಗೋಣಿತಟ್ಟಿನ ದಯೆಯಿಂದ ಗಾಜು ಯಾರಿಗೂ ತಾಗಲಿಲ್ಲ, ಆದರೆ ಶುಂಠಿ ನೀರು ಅತ್ತೆಯ ಸೀರೆಯನ್ನು ಮೊಣಕಾಲವರೆಗೆ ತೋಯಿಸಿತು. ಹಾಡು ನಡುವೆಯೇ ನಿಂತಿತು. ಅತ್ತೆ ಚಪ್ಪಲಿ ಬಿಟ್ಟು ಅಂಗಳಕ್ಕೆ ಹಾರಿದ್ದಳು. ಚಿಗವ್ವ ಗಂಟಲು ಹಿಡಿದುಕೊಂಡು ನಗುತ್ತಿದ್ದಳು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ನಗುತ್ತಿದ್ದಳು.

ನಾನು ಮಾತ್ರ ನಗಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲಿ ಇರುವಂಥದ್ದು, ಅಂದು ಇಳಿದು ಬಾಯಿಗೇ ಬಂತು. ಗಾಜು ಬಳಿಯುತ್ತಿದ್ದ ಕಾಕಾನನ್ನು ಪಡಸಾಲೆಗೆ ಕರೆದು, "ಆಕಿ ಸಾಯಾಕ ಹತ್ಯಾಳ್ರಿ ಕಾಕಾ. ನೀವು ಇಲ್ಲೆ ಬಾಟಲಿ ಆಟ ಆಡಾಕ ಹತ್ತೀರಿ," ಎಂದುಬಿಟ್ಟೆ. ಆಡಬಾರದ ಮಾತು. ಆಡಿಯಾಗಿತ್ತು.

ಕಾಕಾ ಗಾಜಿನ ಚೂರು ತುಂಬಿದ ಮೊರವನ್ನು ಕೆಳಗಿಟ್ಟರು. "ಔಷಧ ಡಾಕ್ಟರ್ ಕಡೆ ಐತಿ. ಆಯುಷ್ಯ ಶಿವನ ಕಡೆ ಐತಿ. ನನ್ನ ಕಡೆ ಏನೈತಿ ಹೇಳು ತಂಗಿ? ಬಿಗಿ ಮಾಡೂದೊಂದ ಬರತೈತಿ ನನಗ," ಎಂದರು. ಮರುದಿನದಿಂದ ಅವರು ಬೆಲ್ಲ ಕಡಿಮೆ ಮಾಡಿದರು. ಬಾಟಲಿಗಳನ್ನು ಮಂಚದ ಕೆಳಗಿನಿಂದ ಹಿತ್ತಲ ಕೋಣೆಗೆ ಸಾಗಿಸಿದರು. ಮುಚ್ಚಳ ಕುಳಿತೊಡನೆ ಕೈ ತೆಗೆಯುವುದನ್ನು, ಈ ವಯಸ್ಸಿನಲ್ಲಿ, ಹಲ್ಲು ಕಚ್ಚಿ ಕಲಿತರು.

ಆ ಬೇಸಿಗೆಯೆಲ್ಲ ಚಿಗವ್ವ ಆ ಬಿಯರಿನ ಮೇಲೆಯೇ ಬದುಕಿದಳೆಂದರೆ ಸುಳ್ಳಲ್ಲ. ಅದು ಒಂದು ಗುಟುಕು ಇಳಿದರೆ ಅದರ ಬೆನ್ನಿಗೇ ಎರಡು ಚಮಚೆ ಗಂಜಿ ಇಳಿಯುತ್ತಿತ್ತು. ಪ್ರತಿ ತಪಾಸಣೆಗೆ ಹೋದಾಗಲೂ ನಳಿಗೆಯ ಮಾತು ಮುಂದಕ್ಕೆ ಹೋಗುತ್ತಿತ್ತು. ಕಾಕಾ ಪರೀಕ್ಷೆ ಪಾಸಾದ ಹುಡುಗನಂತೆ ಆಸ್ಪತ್ರೆಯಿಂದ ಹೊರಗೆ ಬರುತ್ತಿದ್ದರು. ಮಳೆಗಾಲ ಹಿಡಿಯುವ ಹೊತ್ತಿಗೆ ಗಂಟಲೇ ಮುಚ್ಚಿಕೊಳ್ಳತೊಡಗಿತು. ಶುಂಠಿ ನೀರೂ ತಿರುಗಿ ಹೊರಗೆ ಬಂತು. ಮಾತೂ ನಿಂತಿತು. ಬೆಳಗಾವಿಗೆ ಒಯ್ದೆವು, ನಳಿಗೆ ಹಾಕಿದರು, ಎಂಟು ದಿನಕ್ಕೆ ಮನೆಗೆ ಕಳಿಸಿದರು. ಬಾಯಿಯಿಂದ ಏನೂ ಕೊಡಬೇಡಿ, ತುಟಿ ಒಣಗಿದರೆ ಹತ್ತಿಯಿಂದ ಒದ್ದೆ ಮಾಡಿ ಎಂದರು. ವಾಹನದಲ್ಲಿ ಬರುವಾಗ ಕಾಕಾ ಒಮ್ಮೆಯೂ ಚಿಗವ್ವನ ಮುಖ ನೋಡಲಿಲ್ಲ. ಕೊಟ್ಟ ಮಾತು ನಡೆದಿರಲಿಲ್ಲ.

ಇನ್ನು ಆ ಯಂತ್ರ ಗುಜರಿಗೆ ಹೋಯಿತೆಂದೇ ನಾನು ತಿಳಿದಿದ್ದೆ. ನಾಲ್ಕೈದು ದಿನ ಬಿಟ್ಟು ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಕಾಕಾ ಹಿತ್ತಲಲ್ಲಿ ಕುಳಿತು ಮುಚ್ಚಳ ಒತ್ತುತ್ತಿದ್ದಾರೆ! ಪಕ್ಕದಲ್ಲಿ ಹನ್ನೆರಡು ಬಾಟಲಿ, ಹಿಂದಿನ ಪಾಳಿಯಲ್ಲಿ ಒತ್ತಿ ಗ್ಯಾಸು ಕಟ್ಟಿದವು, ಸಾಲಾಗಿ ನಿಂತಿದ್ದವು.

"ಯಾರಿಗ್ರೀ ಕಾಕಾ ಇವು?" ಎಂದೆ. ದನಿ ಒರಟಾಗಿಯೇ ಬಂತು.

ಅವರು ಆ ಹನ್ನೆರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ಒಳಗೆ ಹೋದರು. ಮಂಚದ ಅಂಚಿಗೆ ಕುಳಿತು, ಒಂದು ಬಾಟಲಿಯನ್ನು ಚಿಗವ್ವನ ಕಿವಿಯ ಹತ್ತಿರ ಹಿಡಿದು, ಮುಚ್ಚಳ ಎಬ್ಬಿಸಿದರು. ಚುಸ್ಸೆಂದಿತು. ಒಳಗಿನ ಗುಳ್ಳೆಗಳು ಸಣ್ಣಗೆ ಸಿಡಿಯುವುದು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು. ಹತ್ತಿ ಅದ್ದಿ ಆಕೆಯ ತುಟಿಗೆ ಒತ್ತಿದರು. ಚಿಗವ್ವನ ಮುಖ ಕಿವಿಚಿತು, ಕಣ್ಣು ಅರಳಿದವು.

ಆಮೇಲೆ ಆಕೆ ಹೊದಿಕೆಯಿಂದ ಕೈ ತೆಗೆದು ಒಂದು ಬೆರಳು ಎತ್ತಿದಳು. ಇನ್ನೊಂದು ಬಾಟಲಿ ತೆರೆಯಿರಿ ಎಂದು.

ಕಾಕಾ ಎರಡನೆಯದನ್ನು ತೆರೆದರು. ಮತ್ತೆ ಬೆರಳು. ಮೂರನೆಯದನ್ನು ತೆರೆದರು. ಒಮ್ಮೆ ತೆರೆದ ಮುಚ್ಚಳ ಮತ್ತೆ ಕೆಲಸಕ್ಕೆ ಬಾರದು. ಒಂದು ಸೊಟ್ಟಗಾದರೂ ದಿನವಿಡೀ ಗೊಣಗುವ ಮನುಷ್ಯ, ಏನೂ ಗೊಣಗದೆ ಒಂದಾದ ಮೇಲೊಂದು ಹನ್ನೆರಡನ್ನೂ ಆಕೆಯ ಕಿವಿಯ ಬಳಿ ತೆರೆದರು. ಕೊನೆಯದನ್ನು ತೆರೆಯುವಾಗ ಚಿಗವ್ವ ನಿದ್ದೆ ಹೋಗಿದ್ದಳು. ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ.

"ನಾಳಿಗೂ ಕೇಳತಾಳ," ಎಂದು ಕಾಕಾ ಪಿಸುದನಿಯಲ್ಲಿ ಹೇಳಿದರು. "ಬಾಟಲಿ ತೊಳಕೊಂಡ ಬಾ ತಂಗಿ."

ನಾನು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದೆ. ನಳವನ್ನು ಜೋರಾಗಿ ಬಿಟ್ಟೆ. ನಾನು ಅಳುವುದು ಕೇಳಿ ಆಕೆಗೆ ಎಚ್ಚರವಾಗಬಾರದಿತ್ತು.