ಗಗನವೀರನ ಹಲ್ಲುನೋವು

ಮಕ್ಕಳೇ, ಗಗನವೀರನಿಗೆ ಹಲ್ಲುನೋವು ಬಂದ ಕಥೆಯನ್ನು ನಿಮ್ಮ ನಿತ್ಯಾ ಅಕ್ಕ ಹಬ್ಬಕ್ಕೆ ಎಲ್ಲರೂ ಸೇರಿದಾಗಲೆಲ್ಲ ಹೇಳಿ ನಿಮ್ಮನ್ನು ನಗಿಸುತ್ತಾಳೆ. ನಾನು ಒಳಗೆ ಒಬ್ಬಟ್ಟು ತಟ್ಟುತ್ತಾ ಸುಮ್ಮನಿರುತ್ತೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಮೊದಲಿಂದಲೂ ಕಷ್ಟ. ಆದ್ದರಿಂದ ನನ್ನ ಕಡೆಯ ಹೇಳಿಕೆಯನ್ನು ಬರೆದಿಡುತ್ತಿದ್ದೇನೆ. ಓದಿ ನೀವೇ ತೀರ್ಪು ಕೊಡಿ. ತೀರ್ಪು ನನ್ನ ವಿರುದ್ಧವೇ ಬರುತ್ತದೆಂದು ನನಗೆ ಗೊತ್ತು!

ಆ ಬೇಸಿಗೆಯಲ್ಲಿ ನಿತ್ಯಾ ಕೋಲಾರದಿಂದ ನಮ್ಮ ಕ್ಯಾಲನೂರಿಗೆ ಬಂದಿಳಿದಾಗ ಅವಳ ಮುಖ ಸಿಟ್ಟಿನಿಂದ ಊದಿಕೊಂಡಿತ್ತು. ಚೀಲದಿಂದ ಒಂದು ದಪ್ಪ ಚಿತ್ರಕಥೆಯ ಪುಸ್ತಕ ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಅಜ್ಜಿ, ಇದನ್ನ ನಮ್ಮ ಲೈಬ್ರರಿಯಿಂದ ತೆಗೆದು ಹಾಕ್ತಾರಂತೆ. ಬರೀ ಕೊಲೆ, ರಕ್ತ ಅಂತ ಯಾರೋ ಅಪ್ಪ ಅಮ್ಮಂದಿರು ದೂರು ಕೊಟ್ಟಿದ್ದಾರೆ. ಇದಕ್ಕಿಂತ ಒಳ್ಳೇ ಪುಸ್ತಕ ನಾನು ಓದೇ ಇಲ್ಲ ಅಜ್ಜಿ!"

"ನಿಮ್ಮ ಲೈಬ್ರರಿ ಮೇಡಂ ಏನಂದ್ರು?"

"ಮಕ್ಕಳಿಗೆ ಇಷ್ಟ ಆದ್ರೆ ಸಾಲದು, ದೊಡ್ಡೋರಿಗೆ ಓದಿ ಹೇಳಿ ಅವರ ಅಭಿಪ್ರಾಯ ರೆಕಾರ್ಡ್ ಮಾಡ್ಕೊಂಡು ಬಾ ಅಂದ್ರು. ಅದನ್ನ ಸಭೆಯಲ್ಲಿ ಎಲ್ಲರೆದುರು ಹಾಕಿ ತೀರ್ಮಾನ ಮಾಡ್ತಾರಂತೆ. ರೆಕಾರ್ಡ್ ಆಗಿದ್ದನ್ನ ನಾನು ಮುಂಚೆ ಕೇಳೋ ಹಾಗಿಲ್ಲ. ತಿದ್ದಿಬಿಡ್ತೀನಿ ಅಂತ."

ಅಭಿಪ್ರಾಯ ಎಲ್ಲಿ ಸಿಗುತ್ತದೆ? ನಮ್ಮೂರಲ್ಲಿ ಅದು ಯಥೇಚ್ಛವಾಗಿ ಸಿಗುವ ಜಾಗ ಹಾಲಿನ ಡೈರಿ. ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರಿಗೆ ಲೋಕದ ಎಲ್ಲ ವಿಷಯದ ಮೇಲೂ ಅಭಿಪ್ರಾಯವಿದೆ. ಆದರೆ ಬೆಳಿಗ್ಗೆ ಆರಕ್ಕೆ ಏಳುವುದು ನಿತ್ಯಾಳಿಗೆ ಯಾವ ಲೋಕದಲ್ಲೂ ಸಾಧ್ಯವಿಲ್ಲ.

"ನಾನು ಓದಿ ಹೇಳ್ತೀನಿ ಬಿಡೇ. ಓದೋದು ತಾನೇ, ಅದೇನು ಮಹಾ!" ಎಂದುಬಿಟ್ಟೆ.

ನಾನು ಊರ ಶಾಲೆಯಲ್ಲಿ ಕಲಿತವಳು. ಪಾಠ ಗಟ್ಟಿಯಾಗಿ ಓದಿ ಮೇಷ್ಟ್ರ ಕೈಲಿ ಭೇಷ್ ಅನ್ನಿಸಿಕೊಂಡವಳು. ಆ ಭೇಷ್ ಇಷ್ಟು ವರ್ಷ ನನ್ನೊಳಗೆ ಸುಮ್ಮನೆ ಮಲಗಿತ್ತು. ಅಂದು ಎದ್ದು ಕೂತಿತು!

ಮೊದಲು ನಾನೇ ಕೂತು ಪುಸ್ತಕವನ್ನು ಪೂರ್ತಿ ಓದಿದೆ. ಗಗನವೀರ ಆಕಾಶದಲ್ಲಿ ಹಾರಿ ಜನರನ್ನು ಕಾಪಾಡುವವನು. ಆದರೆ ನಮ್ಮ ಲೋಕದ ಪಕ್ಕದಲ್ಲೇ ಇನ್ನೊಂದು ಲೋಕವಿದೆಯಂತೆ. ಅಲ್ಲೂ ಇದೇ ಬೀದಿ, ಇದೇ ಮನೆ, ಇದೇ ಗಗನವೀರ. ವ್ಯತ್ಯಾಸ ಒಂದೇ. ಇಲ್ಲಿ ಕಾಯಿಲೆಯಿಂದ ಎದ್ದು ಕೂತ ಅವನ ಹೆಂಡತಿ ಅಲ್ಲಿ ತೀರಿಕೊಳ್ಳುತ್ತಾಳೆ. ಆ ಸಂಕಟದಲ್ಲಿ ಅಲ್ಲಿಯ ಗಗನವೀರ ಊರುಗಳನ್ನು ಸುಡುತ್ತಾನೆ, ತಡೆಯಲು ಬಂದ ಗೆಳೆಯರನ್ನೆಲ್ಲ ಕೊಲ್ಲುತ್ತಾನೆ. ಕೊನೆಗೆ ಈ ಲೋಕದ ಗಗನವೀರ ಅಲ್ಲಿಗೆ ಹೋಗಿ, ತನ್ನದೇ ಮುಖದವನನ್ನು ತಾನೇ ಕೊಲ್ಲಬೇಕಾಗುತ್ತದೆ. ಪುಸ್ತಕ ಮುಚ್ಚಿದ ಮೇಲೆ ನಾನು ಕೈ ತೊಳೆದುಕೊಂಡೆ. ಅಷ್ಟು ರಕ್ತ!

ಮರುದಿನ ಸಾಲಿನಲ್ಲಿ ಓದತೊಡಗಿದೆ. ನಿಮ್ಮ ತಾತ ಹೋದ ಮೇಲೆ ನಾನು ಆ ಸಾಲಿನ ಕೊನೆಯಲ್ಲಿ ನಿಂತು, ಹಾಲು ಹಾಕಿ, ತಲೆ ತಗ್ಗಿಸಿ ಬರುತ್ತಿದ್ದವಳು. ಅಂದು ಎಲ್ಲರೂ ನನ್ನ ಸುತ್ತ ಸೇರಿದರು. ಡೈರಿ ಸೆಕ್ರೆಟರಿ ವೆಂಕಟೇಶಪ್ಪ ಕೂಡ ಹಾಲು ಅಳೆಯುವುದನ್ನು ನಿಲ್ಲಿಸಿ ಕಿವಿಗೊಟ್ಟ. ಗಗನವೀರನ ಹೆಂಡತಿ ಹಾಸಿಗೆ ಹಿಡಿದಳು. ಜ್ವರ ಏರಿತು. ಕಣ್ಣು ಮುಚ್ಚಿದಳು...

"ಏಯ್ ಜಯಮ್ಮ!" ಎಂದರು ಪಕ್ಕದ ಮನೆಯ ಮುನಿಯಮ್ಮ. ನನಗಿಂತ ಹಿರಿಯರು, ಗಂಟಲೂ ಹಿರಿದು. "ಅಯ್ಯೋ ದೇವುಡಾ! ಹಾಲಿನ ಕ್ಯಾನ್ ಕೈಲಿ ಹಿಡ್ಕೊಂಡು ಮುತ್ತೈದೆ ಸಾವಿನ ಮಾತಾ? ಮುಂದಿನ ಸಾಲು ಓದು. ಕಥೆ ಸಾವಲ್ಲಿ ನಿಲ್ಲಿಸ್ಬಾರ್ದು, ಗೊತ್ತಿಲ್ವಾ?"

ಗೊತ್ತಿತ್ತು. ನಮ್ಮ ಕಡೆ ಭಾರತ ಓದಿಸುವಾಗಲೂ ಅಷ್ಟೇ. ಯಾರೇ ಸಾಯಲಿ, ಒಂದು ಮದುವೆಯನ್ನೋ ತೊಟ್ಟಿಲನ್ನೋ ಓದಿದ ಮೇಲೆಯೇ ಪುಸ್ತಕ ಮುಚ್ಚುವುದು. ನಾನು ಮುಂದಿನ ಪುಟ ತಿರುಗಿಸಿದೆ. ಊರಿಗೆ ಬೆಂಕಿ. ಅದರ ಮುಂದಿನ ಪುಟ. ಇಬ್ಬರ ತಲೆ ಹಾರಿದೆ. ತೊಟ್ಟಿಲು ಎಲ್ಲೂ ಇಲ್ಲ! ಅಷ್ಟರಲ್ಲಿ ನನ್ನ ಸರದಿ ಬಂದು ವೆಂಕಟೇಶಪ್ಪ ನನ್ನ ಕ್ಯಾನಿಗೆ ಕೈ ಚಾಚಿದ.

"ಕಣ್ಣು ಮುಚ್ಚಿದಳು... ಆಮೇಲೆ ತೆರೆದಳು," ಎಂದು ಓದಿದೆ. "ಎದ್ದು ಗಂಜಿ ಕುಡಿದಳು."

ಎಲ್ಲರೂ ನಿಟ್ಟುಸಿರು ಬಿಟ್ಟರು. ಒಂದೇ ಒಂದು ಸಾವು ತಪ್ಪಿಸಿದೆ, ಅದರಿಂದ ಯಾರಿಗೇನು ನಷ್ಟ ಎಂದುಕೊಂಡು ಮನೆಗೆ ಬಂದೆ.

ನಷ್ಟ ಮರುದಿನ ಗೊತ್ತಾಯಿತು. ಗಗನವೀರ ಊರು ಸುಟ್ಟ ಭಾಗ ಓದಿದೆ. ರತ್ನಮ್ಮ ಕೈ ಅಡ್ಡ ಹಿಡಿದಳು. ವಯಸ್ಸಿನಲ್ಲಿ ಚಿಕ್ಕವಳು, ಪ್ರಶ್ನೆ ಕೇಳುವುದರಲ್ಲಿ ವಕೀಲೆ.

"ಜಯಕ್ಕ, ಒಂದ್ನಿಮಿಷ. ಹೆಂಡ್ತಿ ಚೆನ್ನಾಗಿದ್ದಾಳೆ, ಗಂಜಿ ಕುಡಿದಿದ್ದಾಳೆ. ಮತ್ತೆ ಈವಯ್ಯ ಯಾಕೆ ಊರು ಸುಡ್ತಾನೆ?"

ನಾನು ಪುಸ್ತಕ ನೋಡಿದೆ. ಪುಸ್ತಕ ನನ್ನನ್ನು ನೋಡಿತು. ಚಿತ್ರದಲ್ಲಿ ಗಗನವೀರ ಕೆನ್ನೆಗೆ ಕೈ ಕೊಟ್ಟು, ಹಲ್ಲು ಕಚ್ಚಿ ಕೂತಿದ್ದ.

"ಹಲ್ಲುನೋವು," ಎಂದೆ.

ಯಾರೂ ನಗಲಿಲ್ಲ! "ಹಂಗನ್ನು ಮತ್ತೆ!" ಎಂದರು ಮುನಿಯಮ್ಮ. "ನಮ್ಮೆಜಮಾನ್ರಿಗೆ ದವಡೆ ಹಲ್ಲು ನೋವು ಬಂದಾಗ ಕೊಟ್ಟಿಗೇನೇ ಕಿತ್ತು ಹಾಕೋಕೆ ಹೋಗಿದ್ರು. ಪಾಪ, ಶಕ್ತಿ ಇದ್ದಿದ್ರೆ ಅವರೂ ಊರು ಸುಡ್ತಿದ್ರು."

ಅಲ್ಲಿಂದ ನನ್ನ ಕೈಗೆ ಕಥೆ ಸಿಗಲಿಲ್ಲ, ಕಥೆಯ ಕೈಗೆ ನಾನು ಸಿಕ್ಕೆ. ಪುಸ್ತಕದಲ್ಲಿ ದಿನಕ್ಕೊಬ್ಬ ಗೆಳೆಯ ಸಾಯುತ್ತಿದ್ದ. ನಾನು ದಿನಕ್ಕೊಬ್ಬನಿಗೆ ಆಶ್ರಯ ಹುಡುಕಬೇಕಾಗಿತ್ತು. ಎದೆ ಸೀಳಿಸಿಕೊಂಡವನನ್ನು ಶ್ರೀನಿವಾಸಪುರದ ಮಾವಿನ ತೋಪಿನ ಕಾವಲಿಗೆ ಕಳಿಸಿದೆ. ಬೂದಿಯಾದವನನ್ನು ಹರಕೆ ತೀರಿಸಲು ಕುರುಡುಮಲೆ ಗಣೇಶನ ಬಳಿಗೆ ಅಟ್ಟಿದೆ. ತಲೆ ಕಳೆದುಕೊಂಡ ಇಬ್ಬರನ್ನು ಏನು ಮಾಡುವುದೆಂದು ತಿಳಿಯದೆ ಮಾಲೂರಿನಲ್ಲಿ ಹೆಣ್ಣು ನೋಡಿ ಮದುವೆ ಮಾಡಿಸಿದೆ!

ಪ್ರತಿದಿನ ಓದು ಮುಗಿದ ಮೇಲೆ ನಿತ್ಯಾ ಕಲಿಸಿದಂತೆ ಮೊಬೈಲಿನ ಕೆಂಪು ಚುಕ್ಕೆ ಒತ್ತಿ ಅಭಿಪ್ರಾಯ ಸಂಗ್ರಹಿಸಿದೆ. ಎಲ್ಲರೂ ಹೊಗಳುವವರೇ. "ಹೇಗಿದೆ ಅಜ್ಜಿ?" ಎಂದು ಅವಳು ಕೇಳಿದಾಗಲೆಲ್ಲ, "ಎಲ್ರಿಗೂ ತುಂಬಾ ಇಷ್ಟ ಆಗಿದೆ ಕಣೇ," ಎನ್ನುತ್ತಿದ್ದೆ. ಅದಂತೂ ಸುಳ್ಳಲ್ಲ.

ಸಭೆಯ ದಿನ ಬಂತು. ಕೋಲಾರದ ಆ ಲೈಬ್ರರಿಯ ಹಾಲ್ ತುಂಬ ಅಪ್ಪ ಅಮ್ಮಂದಿರು. ನಿತ್ಯಾ ಇಸ್ತ್ರಿ ಮಾಡಿದ ಲಂಗ ತೊಟ್ಟು, ಪುಸ್ತಕವನ್ನು ಎದೆಗವಚಿಕೊಂಡು ಮುಂದೆ ನಿಂತಿದ್ದಳು. ಮೇಡಂ ಮೊಬೈಲನ್ನು ಸ್ಪೀಕರಿಗೆ ಜೋಡಿಸಿದರು. ಮೊದಲು ಬಂದದ್ದು ರತ್ನಮ್ಮನ ಧ್ವನಿ.

"ಕಥೆ ಬಹಳ ಚೆನ್ನಾಗಿದೆ. ಒಂದು ತೊಟ್ಟು ರಕ್ತ ಇಲ್ಲ, ಒಂದು ಸಾವಿಲ್ಲ. ಹಸುಗೂಸಿಗೂ ಹೇಳ್ಬಹುದು."

ನಿತ್ಯಾ ನನ್ನ ಕಡೆ ತಿರುಗಿ ನೋಡಿದಳು. ನಾನು ಚಾವಣಿಯ ಫ್ಯಾನ್ ನೋಡಿದೆ.

ಆಮೇಲೆ ಮುನಿಯಮ್ಮ. ಅವರಿಗೆ ಸ್ಪೀಕರಿನ ಅಗತ್ಯವೇ ಇರಲಿಲ್ಲ. "ಆ ಗಗನವೀರನ ಹೆಂಡ್ತಿಗೆ ಬುದ್ಧಿ ಸಾಲ್ದು. ರಾತ್ರೀನೇ ಹಲ್ಲಿಗೆ ಎರಡು ಲವಂಗ ಇಟ್ಟಿದ್ರೆ ಅಷ್ಟೂ ಊರು ಉಳೀತಿತ್ತು!"

ಕೊನೆಗೆ ವೆಂಕಟೇಶಪ್ಪ. "ಮಾಲೂರಿನ ಮದುವೆ ಭಾಗ ಇನ್ನೂ ಸ್ವಲ್ಪ ವಿಸ್ತಾರವಾಗಿರಬೇಕಿತ್ತು ಎಂಬುದು ನನ್ನ ನಮ್ರ ಅಭಿಪ್ರಾಯ."

ಸಭೆಯಲ್ಲಿ ಮೊದಲು ಪಿಸುಪಿಸು, ಆಮೇಲೆ ನಗು. ದೂರು ಕೊಟ್ಟಿದ್ದ ಒಬ್ಬರು ಎದ್ದು, "ಈ ಹುಡುಗಿ ಅವರಿಗೆ ಪುಸ್ತಕ ಓದೇ ಇಲ್ಲ. ಏನೋ ಹೇಳಿಕೊಟ್ಟು ರೆಕಾರ್ಡ್ ಮಾಡಿಸಿದ್ದಾಳೆ," ಎಂದರು.

ಮೇಡಂ ಕನ್ನಡಕ ತೆಗೆದರು. "ನಿತ್ಯಾ, ಈ ಹಲ್ಲುನೋವು ಯಾವ ಪುಟದಲ್ಲಿದೆಯಮ್ಮ?"

ಅವಳು ಪುಸ್ತಕವನ್ನು ಇನ್ನೂ ಬಿಗಿಯಾಗಿ ಎದೆಗವಚಿಕೊಂಡಳು. ಸುಳ್ಳುಗಾರ್ತಿ ಅನ್ನಿಸಿಕೊಂಡದ್ದು ಅವಳು. ಸುಳ್ಳು ಹೇಳಿದ್ದು ನಾನು. ಹೇಗೆ ಎದ್ದೆನೋ, ಹೇಗೆ ಮೈಕಿನ ಹತ್ತಿರ ಹೋದೆನೋ ಗೊತ್ತಿಲ್ಲ. ಸೆರಗಿನ ತುದಿ ಮಾತ್ರ ಗಟ್ಟಿಯಾಗಿ ಹಿಡಿದಿದ್ದೆ.

"ಹಲ್ಲುನೋವು ನಂದು," ಎಂದೆ. ಮತ್ತೆ ನಗು. "ಅಂದ್ರೆ, ನಾನು ಸೇರಿಸಿದ್ದು. ಮಗೂದೇನೂ ತಪ್ಪಿಲ್ಲ. ಪುಸ್ತಕದಲ್ಲಿ ಅವನ ಹೆಂಡ್ತಿ ಸತ್ತೋಗ್ತಾಳೆ. ಸಾಲಿನಲ್ಲಿ ನಿಂತು ಅದನ್ನ ಓದೋಕೆ ನನಗೆ ಧೈರ್ಯ ಬರ್ಲಿಲ್ಲ. ನಮ್ಮೆಜಮಾನ್ರು ತೀರ್ಕೊಂಡ ವಾರ ನನಗೂ ಆ ಗಗನವೀರನ ಶಕ್ತಿ ಇದ್ದಿದ್ರೆ, ನಿಜ ಹೇಳ್ತೀನಿ, ಕ್ಯಾಲನೂರು ಉಳೀತಿರ್ಲಿಲ್ಲ. ಆದ್ರೆ ಪಕ್ಕದ ಮನೆ ಮುನಿಯಮ್ಮ ದಿನಾ ಬಾಗಿಲಿಗೆ ಬಂದು, ಏನೂ ಮಾತಾಡ್ದೆ, ನನ್ನ ಕ್ಯಾನೂ ಎತ್ಕೊಂಡು, ಡೈರಿಗೆ ಕರ್ಕೊಂಡು ಹೋಗೋರು. ಪುಸ್ತಕದಲ್ಲಿ ಆ ಲೋಕದ ಗಗನವೀರನ ಮನೆಗೆ ಯಾರೂ ಬರಲ್ಲ. ಎಲ್ಲಾ ಪುಟ ಹುಡುಕ್ದೆ. ಒಬ್ರೂ ಬರಲ್ಲ. ನನಗೆ ಭಯ ಆಗಿದ್ದು ರಕ್ತ ನೋಡಿ ಅಲ್ಲ, ಅದನ್ನ ನೋಡಿ. ಇದು ದೊಡ್ಡ ಮಕ್ಕಳು ಓದಬೇಕಾದ ಪುಸ್ತಕ. ಇದು ನನ್ನ ಅಭಿಪ್ರಾಯ."

ನಿತ್ಯಾ ಕಣ್ಣೊರೆಸಿಕೊಂಡಳು. ಮಕ್ಕಳೇ, ಅಲ್ಲಿಗೆ ನಾನು ಹೋಗಿ ಕೂತಿದ್ದರೆ ಇವತ್ತು ಮನೆಯಲ್ಲಿ ನನಗೊಂದು ಗೌರವವಿರುತ್ತಿತ್ತು.

ಆದರೆ ಮುಂದಿನ ಸಾಲಿನಲ್ಲಿ ಅಮ್ಮನ ತೊಡೆಯ ಮೇಲೆ ಕೂತಿದ್ದ ಒಂದು ಪುಟಾಣಿ, ಕಣ್ಣು ಅಗಲಿಸಿ ಕೇಳಿತು: "ಅಜ್ಜಿ, ಕೊನೇಲಿ ಆ ಅಂಕಲ್ ಸತ್ತೋದ್ರಾ?"

ನಾನು ಮೈಕ್ ಹಿಡಿದೆ. ಎಲ್ಲರೂ ಕಾಯುತ್ತಿದ್ದರು. ಮೇಡಂ ಕಾಯುತ್ತಿದ್ದರು. ನಿತ್ಯಾ ಬೇಡ ಬೇಡವೆಂದು ತಲೆ ಆಡಿಸುತ್ತಿದ್ದಳು.

"ಇಲ್ಲ ಪುಟ್ಟಿ," ಎಂದೆ. "ಹಲ್ಲು ಕಿತ್ತು ಮನೆಗೆ ಕಳಿಸಿದ್ರು."

ಪುಸ್ತಕ ಉಳಿಯಿತು. ದೊಡ್ಡ ಮಕ್ಕಳ ಕಪಾಟಿನ ಮೇಲಿನ ಹಲಗೆಗೆ ಏರಿತು. ಮೇಡಂ ನನ್ನ ಕೈ ಹಿಡಿದು ಧನ್ಯವಾದ ಹೇಳಿ, ಒಂದೇ ಒಂದು ಷರತ್ತು ಹಾಕಿದರು. ಆ ಪುಸ್ತಕವನ್ನು ನಾನು ಇನ್ನು ಯಾರಿಗೂ ಓದಿ ಹೇಳಬಾರದು!

ಮರುದಿನ ನಿತ್ಯಾ, ಸೂರ್ಯನೇ ಗಾಬರಿಯಾಗುವಂತೆ, ಬೆಳಿಗ್ಗೆ ಎದ್ದು, ಮತ್ತೆ ಎರವಲು ತಂದಿದ್ದ ಪುಸ್ತಕ ಹಿಡಿದು ಡೈರಿಗೆ ಬಂದಳು. ನಿಜವಾದ ಕಥೆ ಹೇಳಿದಳು. ನಾನು ಕ್ಯಾನಿನ ಹಿಂದೆ ಅಡಗಲು ನೋಡಿದೆ.

"ಅಷ್ಟು ದಿನ ಲವಂಗ ಲವಂಗ ಅಂತ ಬಡ್ಕೊಂಡ್ನಲ್ಲೇ, ಸುಳ್ಳು ಹಲ್ಲಿಗಾ!" ಎಂದು ಮುನಿಯಮ್ಮ ಸೊಂಟಕ್ಕೆ ಕೈ ಕೊಟ್ಟರು. "ನಾವೇನ್ ಕಂಡಿಲ್ದೋರೇನೇ ಸಾವನ್ನ?"

"ಹಾಲಿನ ಕ್ಯಾನ್ ಕೈಲಿದ್ದಾಗ ಬೇಡ ಅಂದೋರು ನೀವೇ ಅಲ್ವಾ?" ಎಂದೆ ಮೆಲ್ಲಗೆ.

ಮುನಿಯಮ್ಮ ತಮ್ಮ ಕ್ಯಾನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ರತ್ನಮ್ಮ ಕೊಟ್ಟಳು. ಆಮೇಲೆ ಎಲ್ಲರೂ. "ಈಗ ನಮ್ ಕೈಲಿ ಕ್ಯಾನಿಲ್ಲ. ಓದಮ್ಮ ಪಾಪು," ಎಂದರು ನಿತ್ಯಾಳಿಗೆ.

ಅವಳು ರಜೆ ಮುಗಿಯುವವರೆಗೂ ಒಂದು ತಲೆಯನ್ನೂ ಬಿಡದೆ ಓದಿದಳು. ಇಡೀ ಸಾಲಿನ ಹಾಲಿನ ಕ್ಯಾನುಗಳಿಗೆ ನಾನು ಕಾವಲು ನಿಂತೆ.

ಅದೆಲ್ಲ ಹಳೆಯದಾಯಿತು. ಆದರೆ ಕಳೆದ ತಿಂಗಳು ನನಗೆ ನಿಜವಾಗಿಯೂ ದವಡೆ ಹಲ್ಲು ನೋವು ಬಂತು. ಕೆನ್ನೆ ಊದಿಸಿಕೊಂಡು ಜಗುಲಿಯಲ್ಲಿ ಕೂತಿದ್ದೆ. ಮುನಿಯಮ್ಮ ಬಂದರು. ನನ್ನ ಕೈಯಲ್ಲಿ ಎರಡು ಲವಂಗ ಇಟ್ಟರು. ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ, ಒಲೆಯ ಪಕ್ಕದ ಬೆಂಕಿಪೊಟ್ಟಣ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು.