ಆಕಾಶದಿಂದ ಇಳಿದವನ ಜೊತೆ ಚೌಕಾಸಿ

ಪಣಕ್ಕಿದ್ದದ್ದು ಒಂದು ಹರಿದ ಪ್ಯಾರಾಚೂಟು. ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲು. ಮುಂದಿನ ತಿಂಗಳು ಮಗಳ ಮದುವೆ. ಬೀಗರ ಹೆಣ್ಣುಮಕ್ಕಳಿಗೆ ಉಡಿ ತುಂಬಲು ಆದೋನಿಯ ಯಾವ ಅಂಗಡಿಯಲ್ಲೂ ಕುಪ್ಪಸದ ಕಣವಿಲ್ಲ. ಬರಿಗೈಲಿ ಕಳಿಸಿದರೆ ಮಗಳು ಜೀವಮಾನವಿಡೀ ಮಾತು ಕೇಳಬೇಕು. ಅಂಥ ಹೊತ್ತಿಗೆ ವಿಮಾನದಳದವರು ಜನರಿಗೆ ವಿಮಾನ ತೋರಿಸಲು ಬಂದರು. ಅರಳೆ ವ್ಯಾಪಾರದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಂದನ್ನು ತೂಗಲು ಹೋದರೆ ಇನ್ನೇನೋ ತಕ್ಕಡಿಯಲ್ಲಿ ಬಂದು ಕೂರುತ್ತದೆ.

೧. ಬಾಯಾರಿದವನು

ಮನುಷ್ಯ ವಿಮಾನದಿಂದ ಹೇಗೆ ಇಳಿಯುತ್ತಾನೆಂದು ತೋರಿಸಲು ಆಳೆತ್ತರದ ಬೊಂಬೆ ಮಾಡಿದ್ದರು. ಪೈಲಟ್ ಉಡುಪು, ಕಪ್ಪು ಕನ್ನಡಕ, ಚರ್ಮದ ಗವಸು. ಒಳಗೆ ತುಂಬಲು ಅರಳೆ ಕೊಟ್ಟವನು ನಾನು. ರೇಷ್ಮೆಯ ಪ್ಯಾರಾಚೂಟು ಕಟ್ಟಿ ವಿಮಾನದಿಂದ ಬಿಟ್ಟಾಗ ಗಾಳಿ ಅದನ್ನು ಮೈದಾನ ದಾಟಿಸಿ ಜಾಲಿಗಿಡಕ್ಕೆ ಕೆಡವಿತು; ಪ್ಯಾರಾಚೂಟಿನ ಕೊಡೆ ಹರಿಯಿತು. ನಾನು ಓಡಿಹೋದಾಗ ಕುರಿ ಕಾಯುವ ಮುದುಕಿಯೊಬ್ಬಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಂದಿಗೆ ಬಗ್ಗಿಸಿದ್ದಳು. ಕುರಿಗಳೆಲ್ಲ ಸದ್ದಿಲ್ಲದೆ ಸುತ್ತ ನಿಂತು ನೋಡುತ್ತಿದ್ದವು.

"ಪೂರಾ ಬಿಂದಿಗಿ ಕುಡದಾನ್ರಿ. ಉಸಿರು ಮಾತ್ರ ಬಿಡವಲ್ಲ," ಎಂದಳು.

"ಯವ್ವಾ, ಅವ ಮನಿಷಾ ಅಲ್ಲ. ಒಳಗ ನನ್ನ ಅರಳಿ ಐತಿ."

"ನಿಮ್ದಾ? ಅದಕ್ಕ ಎಷ್ಟು ಸುರಿದ್ರೂ ಸಾಕು ಅನ್ನವಲ್ದು!"

೨. ಗಡ್ಡ

ವಿಮಾನದಳದ ಲಾರಿ ಬರುವವರೆಗೆ ಬೊಂಬೆ, ಕೊಡೆ ಎರಡೂ ನನ್ನ ಗೋದಾಮಿನಲ್ಲಿ. ಕಾವಲುಗಾರ ಬೊಂಬೆಗೆ ಬೆನ್ನು ತೋರಿಸುತ್ತಲೇ ಇರಲಿಲ್ಲ. ಹಿಂದಕ್ಕೆ ಹಿಂದಕ್ಕೆ ನಡೆದೇ ಹೊರಗೆ ಬರುತ್ತಿದ್ದ. ಆರನೆಯ ದಿನ ಮಧ್ಯಾಹ್ನ ಅಂಗಡಿಗೆ ಓಡಿಬಂದ.

"ಸಾವ್ಕಾರ್ರ, ಅವಗ ಗಡ್ಡ ಬಂದೈತ್ರಿ!"

ಬೈಯುತ್ತಲೇ ಹೋದೆ. ಅರೆಗತ್ತಲಲ್ಲಿ ಅದರ ಗದ್ದದ ಕೆಳಗೆ ಬಿಳುಚಿದ್ದೇನೋ ಚಿಗುರಿ ಅಲುಗುತ್ತಿತ್ತು. ಧೈರ್ಯ ಮಾಡಿ ಒಂದು ಕಿತ್ತೆ. ಹತ್ತಿಯ ಮೊಳಕೆ! ಮುದುಕಿ ನೀರು ಕುಡಿಸಿದ್ದಳಲ್ಲ. "ಒಂದು ಬೀಜವೂ ಇಲ್ಲದ ಅರಳೆ" ಎಂದು ಮಾರಿದವನು ನಾನೇ. ವಿಮಾನದಳದ ಸಾಹೇಬರು ಬರುವ ಮೊದಲು ನಾನೇ ಕುಳಿತು ಅವನಿಗೆ ಕ್ಷೌರ ಮಾಡಿದೆ.

೩. ಬಗ್ಗದ ಕೈ

ಸಾಹೇಬರು ತೆಲುಗಿನವರು. ಹರಿದ ಕೊಡೆಯನ್ನು ಇಲ್ಲೇ ಮಾರಿ ಹೋಗಲು ಅವರಿಗೆ ಅಪ್ಪಣೆಯಿತ್ತು. ವಾಸನೆ ಹಿಡಿದು ಎಮ್ಮಿಗನೂರಿನ ಬಟ್ಟೆ ವ್ಯಾಪಾರಿಯೊಬ್ಬ ಬಂದು ಅಂಗಳದಲ್ಲಿ ನಿಂತಿದ್ದ. ಅವನ ಕಿವಿಗೆ ದರ ಬೀಳಬಾರದು. ಪೇಟೆಯ ಪದ್ಧತಿಯನ್ನು ಸಾಹೇಬರಿಗೆ ಹೇಳಿಕೊಟ್ಟೆ: ಬಟ್ಟೆಯ ಕೆಳಗೆ ಕೈ, ಕೊಳ್ಳುವವನು ಹಿಡಿದ ಒಂದು ಬೆರಳಿಗೆ ಹತ್ತು ರೂಪಾಯಿ, ದರ ಒಪ್ಪಿದರೆ ಮಾರುವವನು ಉಳಿದ ಬೆರಳು ಬಗ್ಗಿಸಬೇಕು, ಬಾಯಿ ಮುಚ್ಚಿರಬೇಕು. "ನೀವು ಕೊಡೆಯ ರಾಶಿಯ ಆ ಕಡೆಯಿಂದ ಕೈ ಇಡಿ," ಎಂದು ಗೋದಾಮಿನೊಳಗೆ ನಡೆದೆ.

ಎದೆಯೆತ್ತರ ಬಿದ್ದಿದ್ದ ರೇಷ್ಮೆಯೊಳಗೆ ಕೈ ಹಾಕಿದೆ. ಕೈಗೆ ಕೈ ಸಿಕ್ಕಿತು, ತಣ್ಣಗೆ. ಎರಡು ಬೆರಳು ಹಿಡಿದೆ, ಉಳಿದವು ಬಗ್ಗಲಿಲ್ಲ. ಮೂರು ಹಿಡಿದೆ. ನಾಲ್ಕು. ಹೆಬ್ಬೆರಳು ಮೆಲ್ಲಗೆ ಬಂದು ನನ್ನ ಅಂಗೈಗೆ ಒತ್ತಿತು. ಐದು! ಮಗಳ ಮುಖ ನೆನೆದು ಐದನ್ನೂ ಹಿಡಿಯಲು ಹೊರಟೆ. ಆಗ ಹಿಂದೆ ಬಾಗಿಲಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು.

"ಏಮಂಡೀ, ಶುರು ಮಾಡೋಣವಾ?" ಎಂದರು ಸಾಹೇಬರು, ಸಿಗರೇಟು ಹಚ್ಚುತ್ತ.

ಕೈ ಕಿತ್ತುಕೊಂಡೆ. ಕೊಡೆ ಸರಿಸಿದರೆ ಕೆಳಗೆ ಬೊಂಬೆ, ಕಪ್ಪು ಕನ್ನಡಕದಲ್ಲಿ ನನ್ನನ್ನೇ ನೋಡುತ್ತಿತ್ತು. ಸಾಹೇಬರು ಎರಡು ಬೆರಳಿಗೇ ಒಪ್ಪಿಬಿಟ್ಟರು.

ಕಿತ್ತ ರಭಸಕ್ಕೆ ಗವಸು ನನ್ನ ಮುಷ್ಟಿಯಲ್ಲೇ ಬಂದಿತ್ತು. ಮನೆಯಲ್ಲಿ ತಿರುವಿ ನೋಡಿದೆ; ಒಳಗೆ ಅರಳೆಯ ಎಳೆಯೊಂದೂ ಇರಲಿಲ್ಲ. ಆದೋನಿಯಲ್ಲಿ ನನ್ನೆದುರು ಬೆರಳು ಬಗ್ಗಿಸದ ವ್ಯಾಪಾರಿ ಅವನೊಬ್ಬನೇ, ಅದೂ ಖಾಲಿ ಕೈಯಲ್ಲಿ.

ನಿವ್ವಳ ಲಾಭ: ಕೆಂಪು ಬಣ್ಣ ಹಾಕಿಸಿದ ಕಣ ನಲವತ್ತು, ಮಗಳಿಗೆ ಲಂಗ ಒಂದು, ಬಲಗೈ ಗವಸು ಒಂದು.