ಏಳು ಕಾಲಿನ ಚೇಳು

ಪೊಲೀಸರಿಗೆ ಯಾವುದರ ಭಯವೂ ಇಲ್ಲ ಎಂದು ಜನ ತಿಳಿದಿದ್ದಾರೆ. ತಿಳಿದುಕೊಳ್ಳಲಿ, ನಮ್ಮ ಅರ್ಧ ಕೆಲಸ ನಡೆಯುವುದೇ ಆ ನಂಬಿಕೆಯಿಂದ. ನಾನಂತೂ ಸೂಜಿಗೆ ಹೆದರುತ್ತೇನೆ, ಚೇಳಿಗೆ ಹೆದರುತ್ತೇನೆ, ಈಚೆಗೆ ನನ್ನ ಎಡಗೈಗೂ ಹೆದರುತ್ತಿದ್ದೇನೆ. ಆ ಕೈ ಮೇಲೆ ಹಚ್ಚೆಯ ಚೇಳೊಂದಿದೆ. ಒಂಬತ್ತು ವರ್ಷದವನಿದ್ದಾಗ ಸಂಗೊಳ್ಳಿಯ ನಮ್ಮ ಹಿತ್ತಲಲ್ಲಿ ಕುಳ್ಳಿನ ರಾಶಿಗೆ ಕೈ ಹಾಕಿ ಚೇಳು ಕಡಿಸಿಕೊಂಡಿದ್ದೆ. ಹಚ್ಚೆಯ ಚೇಳು ಇದ್ದವರನ್ನು ನಿಜವಾದ ಚೇಳು ಮುಟ್ಟುವುದಿಲ್ಲವೆಂದು ಅವ್ವ ನನ್ನನ್ನು ಹಚ್ಚೆ ಹಾಕುವ ಹನಮವ್ವನ ಮುಂದೆ ಕೂರಿಸಿದಳು. ಎಂಟು ಕಾಲುಗಳಲ್ಲಿ ಏಳು ಮೂಡಿದವು. ಉಳಿದದ್ದು ಬಲಗಡೆಯ ಮೂರನೆಯ ಕಾಲು. ಅಷ್ಟರಲ್ಲಿ ನಾನು ಕೈ ಜಗ್ಗಿಕೊಂಡು ಓಡಿಬಿಟ್ಟೆ. ಸಂಗೊಳ್ಳಿಯಲ್ಲಿ ಹುಟ್ಟಿ ಸೂಜಿಗೆ ಬೆನ್ನು ತೋರಿಸಿದವನು ನೀನೊಬ್ಬನೇ ಎಂದು ಅವ್ವ ಕಡೆತನಕ ಛೇಡಿಸುತ್ತಿದ್ದಳು. ಠಾಣೆಯಲ್ಲಿ ಕೇಳಿದವರಿಗೆ ಮಾತ್ರ, ಕಳ್ಳನೊಬ್ಬನನ್ನು ಹಿಡಿಯುವಾಗ ಆ ಕಾಲಿನ ಚರ್ಮ ಕಿತ್ತುಹೋಯಿತು ಎಂದು ಹೇಳಿಕೊಂಡು ಬಂದಿದ್ದೇನೆ.

ಖಾಕಿಯ ಒಳಗೆ ಸರ್ಕಾರ ಕೊಡದ ಗುರುತೊಂದು ಬಹಳ ಜನರಿಗೆ ಇರುತ್ತದೆ. ನಮ್ಮ ಠಾಣೆಯ ಕಾನ್‌ಸ್ಟೆಬಲ್ ರೇಣುಕಾ ಮಣಿಕಟ್ಟಿನ ಒಳಗಡೆ ನಾಲ್ಕಂಕಿಯ ಸಂಖ್ಯೆಯೊಂದನ್ನು ಹಾಕಿಸಿಕೊಂಡಿದ್ದಾಳೆ. ಅದು ಅವಳ ಅಪ್ಪನ ಪೊಲೀಸ್ ನಂಬರು. ಅಪ್ಪ ಬಂದೋಬಸ್ತಿಗೆ ಹೋದವನು ಹೆಣವಾಗಿ ಬಂದಾಗ ಅವಳಿಗೆ ಆರು ವರ್ಷ. ಮುಖ ಮರೆತಿದೆ, ಎದೆಯ ಮೇಲಿದ್ದ ಆ ಬಿಲ್ಲೆ ಮರೆತಿಲ್ಲ ಎನ್ನುತ್ತಾಳೆ. ಜೀಪಿನ ಡ್ರೈವರ್ ಮೆಹಬೂಬನ ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಅವರಲ್ಲಿ ಹಾಕಿಸಿಕೊಳ್ಳುವುದಿಲ್ಲ. ಹೊಳೆಯಲ್ಲಿ ಹೋದರೆ ತನ್ನನ್ನು ಯಾರು ಗುರುತು ಹಿಡಿಯುತ್ತಾರೆ ಎಂದು ಅವನು ಆಗಾಗ ಚಿಂತೆ ಮಾಡುತ್ತಿದ್ದ. ನಿನ್ನ ತಂಬಾಕಿನ ವಾಸನೆಗೆ ನಾಯಿಯೂ ಗುರುತು ಹಿಡಿಯುತ್ತದೆ, ಬಿಡು, ಎಂದು ನಾನು ನಗುತ್ತಿದ್ದೆ.

ಒಂದು ಸೋಮವಾರ ಮುಂಜಾನೆ ಮನೋಳಿಯ ಕೆಳಗೆ ಮಲಪ್ರಭೆಯಲ್ಲಿ ಹೆಣವೊಂದು ತೇಲಿತು. ನಾನು ಠಾಣೆಯ ರೈಟರ್, ಅಂದರೆ ಇಂಥದ್ದನ್ನೆಲ್ಲ ಬರೆಯುವವನು. ಗಂಡಸು, ಬಿಳಿ ಅಂಗಿ, ಕಿಸೆಯಲ್ಲಿ ಏನೂ ಇಲ್ಲ. ಎಡಗೈ ತಿರುಗಿಸಿದರೆ ಚೇಳು. ಬೆರಳಿಟ್ಟು ಎಣಿಸಿದೆ. ಏಳು ಕಾಲು. ಇಲ್ಲದ್ದು ಬಲಗಡೆಯ ಮೂರನೆಯದು. ಮೆಹಬೂಬ ಒಮ್ಮೆ ಹೆಣದ ಕೈ ನೋಡಿದ, ಒಮ್ಮೆ ನನ್ನದು ನೋಡಿದ. ಆಮೇಲೆ ಮಡಚಿದ್ದ ನನ್ನ ಅಂಗಿಯ ತೋಳನ್ನು ಬಿಚ್ಚಿ ಕೆಳಗಿಳಿಸಿ ಗುಂಡಿ ಹಾಕಿದ.

ಮೂರು ದಿನದೊಳಗೆ ವಾರಸುದಾರರು ಸಿಗದಿದ್ದರೆ ನಾವೇ ಮಣ್ಣು ಮಾಡಬೇಕು. ಠಾಣೆಗೆ ಬಂದು ಚಹರೆಪಟ್ಟಿ ಬರೆದೆ. ಸುಮಾರು ಐವತ್ತು ವರ್ಷ, ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಇಪ್ಪತ್ತು ವರ್ಷ ಬರೆದ ಕೈ, ತಾನೇ ಓಡುತ್ತದೆ. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು, ಎಲ್ಲ ಕಡೆ ಕಳಿಸಿದೆ. ಅರ್ಧ ತಾಸಿನಲ್ಲಿ ಕಿತ್ತೂರಿನಿಂದ ಫೋನು ಬಂತು. ಟ್ರೇನಿಂಗಿನಲ್ಲಿ ನನ್ನ ಮಗ್ಗುಲ ಮಂಚದಲ್ಲಿ ಮಲಗುತ್ತಿದ್ದ ಗೆಳೆಯ.

“ಯಾರು ಮಾತಾಡೋದು?” ಎಂದ.

“ನಾನ.”

“ನೀ ಅಲ್ಲಿದ್ರ, ಇಲ್ಲಿ ನನ್ನ ಟೇಬಲ್ ಮ್ಯಾಲೆ ಇರಾಂವ ಯಾರಲೇ?”

ಪಟ್ಟಿ ತೆಗೆದು ಓದಿದೆ. ಚೇಳು, ಅಂಗಿ ಮಾತ್ರ ಹೆಣದ್ದು. ಉಳಿದದ್ದೆಲ್ಲ ನನ್ನದು. ಬಲಹುಬ್ಬಿನ ಮೇಲಿನ ಹಳೆಯ ಗಾಯ ಕೂಡ, ಸೈಕಲ್ಲಿನಿಂದ ಬಿದ್ದು ಮಾಡಿಕೊಂಡದ್ದು. ಹೆಣದ ಹುಬ್ಬು ನುಣ್ಣಗಿತ್ತು. ಗೆಳೆಯ ಗಾಬರಿಯಲ್ಲಿ ಮೊದಲು ನನ್ನ ಹೆಂಡತಿಗೇ ಫೋನು ಮಾಡಿ, ಸಾಹೇಬರು ಮನೆಯಲ್ಲಿದ್ದಾರೇನು ಎಂದು ಕೇಳಿದ್ದನಂತೆ. ತಿದ್ದುಪಡಿ ಕಳಿಸಿದೆ, ಯಾರೂ ಬರಲಿಲ್ಲ. ನನ್ನ ಸೋಮಾರಿ ಕೈಯಿಂದಾಗಿ ಒಬ್ಬ ಮನುಷ್ಯ ತನ್ನವರಿಗೆ ಸಿಗದೆ ಹೋಗುತ್ತಾನಲ್ಲ ಎಂದು ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ರೇಣುಕಾ ಹೇಳಿದಳು: “ಹಚ್ಚಿ ಇದ್ದಾಂವ್ಗ ಮಾತ ಬರೂದಿಲ್ರಿ ಸರ್. ಹಾಕಿದಾಕಿನ್ನ ಕೇಳ್ರಲ್ಲ.”

ಮೆಹಬೂಬನೂ ನಾನೂ ಸಂಗೊಳ್ಳಿಗೆ ಹೋದೆವು. ಹನಮವ್ವ ಇನ್ನೂ ಇದ್ದಳು, ಕಣ್ಣು ಹೋಗಿದ್ದವು. ನನ್ನ ಕೈ ತೊಡೆಯ ಮೇಲಿಟ್ಟುಕೊಂಡು ಚೇಳಿನ ಮೇಲೆ ಹೆಬ್ಬೆರಳಾಡಿಸಿದಳು. ನಾನು ಕೈ ಜಗ್ಗಿ ಓಡಿದ್ದಕ್ಕೆ ಒಂದು ಕಾಲು ಉಳಿಯಿತೆಂದು ತಪ್ಪೊಪ್ಪಿಕೊಂಡೆ. ಅವಳು ನಕ್ಕಳು.

“ನೀ ಓಡೂದರಾಗ ನನ್ನ ಕೆಲಸ ಮುಗದಿತ್ತಪಾ. ಎಲ್ಲಾ ಚೇಳಿಗೂ ನಾ ಒಂದ ಕಾಲ ಬಿಡತೇನಿ. ಪೂರಾ ಹಾಕಿದ್ರ ಅದು ನಡೀತೈತಿ.”

ಯಾವ ಕಾಲು ಬಿಡಬೇಕೆಂಬುದನ್ನು ದಿನಕ್ಕೊಂದು ಬದಲಿಸುತ್ತಿದ್ದಳಂತೆ. ಆ ದಿನ ನನ್ನ ಹಿಂದೆ ಕೂತಿದ್ದವನು ಒಬ್ಬನೇ, ಆಚೆ ಓಣಿಯ ಬಸಪ್ಪ, ಅವನಿಗೂ ಮೂರನೆಯದೇ. ಮುಂದೆ ನೇಯಲು ರಾಮದುರ್ಗಕ್ಕೆ ಹೋದನೆಂದೂ ತಂಗಿ ಊರಲ್ಲೇ ಇದ್ದಾಳೆಂದೂ ಹೇಳಿದಳು. ತಂಗಿಯನ್ನು ಜೀಪಿನಲ್ಲೇ ಕರೆತಂದೆವು. ಶವಾಗಾರದಲ್ಲಿ ಅವಳು ಅಣ್ಣನ ಮುಖ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಚೇಳಿನ ಮೇಲೆ ಮುಖವಿಟ್ಟು ಅತ್ತಳು. ನನಗೂ ಅಳು ಬಂತು. ಅವಳು ಅವನನ್ನು ಊರಿಗೊಯ್ದು ಅವ್ವ-ಅಪ್ಪನ ಮಗ್ಗುಲಿಗೆ ಮಣ್ಣು ಮಾಡಿದಳು.

ಆ ಮಣ್ಣಿಗೆ ನಾನೂ ಹೋಗಿದ್ದೆ. ಮರಳುವಾಗ ಹನಮವ್ವ ಕಟ್ಟೆಯ ಮೇಲಿಂದಲೇ, ಜೋಡಿ ಮುರಿಯಿತಲ್ಲ, ಉಳಿದ ಕಾಲನ್ನು ಈಗ ಹಾಕಿಬಿಡಲೇ ಎಂದು ಕೇಳಿದಳು. ಅವಳು ಸೂಜಿಗೆ ತಡಕಾಡುವಷ್ಟರಲ್ಲಿ ನಾನು ಜೀಪಿನಲ್ಲಿದ್ದೆ. ಈ ಸಲ ಕಾಲು ಉಳಿದದ್ದು ನಾನು ಓಡಿದ್ದಕ್ಕೇ ಖರೇ, ಮೆಹಬೂಬನೇ ಸಾಕ್ಷಿ.

ಈಗ ದಿನಾ ಸ್ನಾನ ಮಾಡುವಾಗ ಕಾಲು ಎಣಿಸುತ್ತೇನೆ. ಮೊನ್ನೆ ಸೋಪಿನ ನೊರೆಯಲ್ಲಿ ಎಂಟು ಕಂಡವು. ಹೆಂಡತಿಯನ್ನು ಕೂಗಿ ಎಣಿಸಲು ಹೇಳಿದೆ. ಏಳೇ ಅದಾವು ಎಂದಳು. ಆದರೆ ಎಣಿಸುವ ಮೊದಲು ಅವಳು ನನ್ನ ಬಲಹುಬ್ಬಿನ ಮೇಲಿನ ನೊರೆ ಒರೆಸಿ, ಗಾಯ ಇದೆಯೋ ಇಲ್ಲವೋ ನೋಡಿಕೊಂಡಳು.